ನೂರಕ್ಕೆ ಎಂಟು ಕಡಿಮೆ: ಎಬಿಸಿ, ಬಿಬಿಸಿಗಳಿಗೊಂದು ಬಹಿರಂಗ ಪತ್ರ

ಇವರಿಂದ:
ತಾಲ್ಲೂಕು ಮಟ್ಟದ ಕ್ರೀಡಾಕೂಟಗಳ ಖಾಯಂ ಪ್ರೇಕ್ಷಕ,
ಲಿಂಗಸುಗೂರು, ರಾಯಚೂರು ಜಿಲ್ಲೆ

ಇವರಿಗೆ:
ಹಾಸ್ಯ ಧಾರಾವಾಹಿ ವಿಭಾಗದ ಮುಖ್ಯಸ್ಥರು,
1) ಎಬಿಸಿ, ಆಸ್ಟ್ರೇಲಿಯಾ
2) ಬಿಬಿಸಿ, ಲಂಡನ್

ವಿಷಯ: ನಮ್ಮ ಕಥೆಯನ್ನು ನಮ್ಮನ್ನು ಕೇಳದೆ ಟೀವಿಯಲ್ಲಿ ತೋರಿಸಿದ ಬಗ್ಗೆ.

ಉಲ್ಲೇಖ: 1) ‘ದಿ ಗೇಮ್ಸ್’ ಧಾರಾವಾಹಿ, 1998 ಮತ್ತು 2000. 2) ‘ಟ್ವೆಂಟಿ ಟ್ವೆಲ್ವ್’ ಧಾರಾವಾಹಿ, 2011 ಮತ್ತು 2012.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಸಿಡ್ನಿ ಒಲಿಂಪಿಕ್ಸ್ ಸಂಘಟಿಸುವ ಕಚೇರಿಯ ಫಜೀತಿ ಕುರಿತು ಜಾನ್ ಕ್ಲಾರ್ಕ್ ಮತ್ತು ರಾಸ್ ಸ್ಟೀವನ್ಸನ್ ಬರೆದ ಮೊದಲ ಧಾರಾವಾಹಿಯೂ, ಲಂಡನ್ ಒಲಿಂಪಿಕ್ಸಿನ ಅಂಥದೇ ಕಚೇರಿ ಕುರಿತು ಜಾನ್ ಮಾರ್ಟನ್ ಬರೆದ ಎರಡನೆಯದೂ ಸಂಪೂರ್ಣ ನಮ್ಮ ತಾಲ್ಲೂಕಿನ ಸ್ವತ್ತು. ಎರಡನೆಯದು ಬಂದಾಗ ಮೊದಲನೆಯದರ ಲೇಖಕರು ‘ಇದು ನಮ್ಮದರಂತೆಯೇ ಇದೆಯಲ್ಲ’ ಎಂದು ತಕರಾರು ತೆಗೆದರು. ಬಿಬಿಸಿ ‘ಹಾಗೇನಿಲ್ಲ’ ಎಂದಿತು. ನಿಮ್ಮಿಬ್ಬರ ಈ ವ್ಯಾಜ್ಯದಲ್ಲಿ ಮೂಲ ಖಾತೆದಾರರಿಗೆ ನೋಟಿಸೇ ಬಂದಿಲ್ಲ. ಆದ್ದರಿಂದ ನಮ್ಮ ಹಕ್ಕಿನ ದಾಖಲೆಗಳನ್ನು ಒಂದೊಂದಾಗಿ ಮುಂದಿಡುತ್ತಿದ್ದೇನೆ.

ದಾಖಲೆ ಒಂದು, ಟ್ರ್ಯಾಕ್. ‘ದಿ ಗೇಮ್ಸ್’ನ ಒಂದು ಕಂತಿನಲ್ಲಿ ನೂರು ಮೀಟರ್ ಓಟದ ಟ್ರ್ಯಾಕ್ ಕಟ್ಟಿದ ಗುತ್ತಿಗೆದಾರ, ಅದರ ಉದ್ದ ಸುಮಾರು 94 ಮೀಟರ್ ಎಂದು ತಣ್ಣಗೆ ಹೇಳುತ್ತಾನೆ. ಅಲ್ಲಿಯವರು ಬಿದ್ದು ಬಿದ್ದು ನಕ್ಕರಂತೆ. ನಮ್ಮ ಒಂದು ತಾಲ್ಲೂಕು ಕೂಟದಲ್ಲಿ ಅದು 92 ಇತ್ತು. ನಿಮಗಿಂತ ಎರಡು ಮೀಟರ್ ಮುಂದಿದ್ದೇವೆ. ಲಿಂಗಸುಗೂರು, ಸಿಂಧನೂರು, ಮಸ್ಕಿ ಈ ಮೂರರಲ್ಲಿ ಯಾವ ತಾಲ್ಲೂಕು ಎಂದು ಕೇಳಬೇಡಿ, ಮೂರರಲ್ಲೂ ನೆಂಟರಿದ್ದಾರೆ. ಬೆಳಗಿನ ಜಾವವೇ ಪಿ.ಟಿ. ಮಾಸ್ತರರು ತೂತು ಕೊರೆದ ಡಬ್ಬಿಯಲ್ಲಿ ಸುಣ್ಣದ ಪುಡಿ ತುಂಬಿಕೊಂಡು, ಟೇಪು ಹಿಡಿಯಲು ಇಬ್ಬರು ಹುಡುಗರನ್ನು ನಿಲ್ಲಿಸಿಕೊಂಡು, ಎರಿ ಮಣ್ಣಿನ ಬಿರುಕುಗಳನ್ನು ದಾಟಿಸಿ ದಾಟಿಸಿ ಸರಿಯಾಗಿ ನೂರು ಮೀಟರ್ ಗೆರೆ ಎಳೆದಿದ್ದರು. ಎಂಟು ಗಂಟೆಗೆ ಶಾಮಿಯಾನದವರು ಬಂದರು. ಮಾನ್ಯ ಅತಿಥಿಗಳ ಮುಖಕ್ಕೆ ಬಿಸಿಲು ಬೀಳಬಾರದೆಂದು ವೇದಿಕೆಯನ್ನು ತಿರುಗಿಸಿ ಹಾಕಿದರು. ಅದರ ಹಿಂದಿನ ಕಾಲುಗಳು ಗುರಿಗೆರೆಯ ಮೇಲೆಯೇ ಬಂದು ಕೂತವು.

‘ಸರ, ಇದು ನೂರು ಐತೇನ್ರಿ?’ ಎಂದು ಕೇಳಿದೆ.

‘ನೂರ ಐತ್ರಿ. ಎಂಟು ಮೀಟರ್ ಸ್ಟೇಜಿನ ಕೆಳಗ ಐತಿ, ಅಷ್ಟ’ ಎಂದರು.

ಎಲ್ಲರಿಗೂ ಅದೇ 92, ಆದ್ದರಿಂದ ಯಾರಿಗೂ ಅನ್ಯಾಯವಾಗಿಲ್ಲ ಎಂದು ಸ್ವಾಗತ ಸಮಿತಿ ತೀರ್ಮಾನಿಸಿತು.

ಇಂಥ ಲೆಕ್ಕದಲ್ಲಿ ನಮ್ಮ ನಾಡು ಹಿಂದೆ ಬಿದ್ದದ್ದೇ ಇಲ್ಲ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದ ಗದ್ದೆಯಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ದೇಶಕ್ಕೆ ದೇಶವೇ ಕ್ಯಾಲ್ಕುಲೇಟರ್ ಹಿಡಿದು ಅದನ್ನು ನೂರಕ್ಕೆ ಇಳಿಸಿ 9.55 ಎಂದಿತು, ಉಸೇನ್ ಬೋಲ್ಟನ 9.58 ಮುರಿದುಬಿತ್ತು. ಕೇಂದ್ರದ ಕ್ರೀಡಾ ಸಚಿವರೇ ಪರೀಕ್ಷೆಗೆ ಕರೆಸಿದರು. ಕಂಬಳದ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ ಎಂದು ಹೇಳಿ ಪರೀಕ್ಷೆಯನ್ನು ಒಲ್ಲೆ ಎಂದವರು ಆ ಗೌಡರು ಮಾತ್ರ. ಕೋಣ, ಕೆಸರು ಎರಡನ್ನೂ ಬದಿಗಿಟ್ಟು 142.5 ಅನ್ನು ನೂರಕ್ಕೆ ಇಳಿಸಬಲ್ಲ ದೇಶಕ್ಕೆ 92 ಅನ್ನು ನೂರಕ್ಕೆ ಏರಿಸುವುದು ಯಾವ ದೊಡ್ಡ ಮಾತು?

ದಾಖಲೆ ಎರಡು, ಗಡಿಯಾರ. ‘ಟ್ವೆಂಟಿ ಟ್ವೆಲ್ವ್’ನ ಮೊದಲ ಕಂತಿನಲ್ಲಿ ಒಲಿಂಪಿಕ್ಸಿಗೆ ದಿನ ಎಣಿಸುವ ಗಡಿಯಾರ ಕೆಟ್ಟ ಕಥೆ ಇದೆ. ಅದು ಪ್ರಸಾರವಾದ 2011ರ ಮಾರ್ಚ್ 14ರಂದೇ ಟ್ರಫಾಲ್ಗರ್ ಚೌಕದಲ್ಲಿ ನಿಜವಾದ ಗಡಿಯಾರವನ್ನು ಉದ್ಘಾಟಿಸಿದರು, ಮಾರನೆಯ ದಿನ ಅದೂ ನಿಂತಿತು. ನಾವು ಗಡಿಯಾರ ನಂಬುವ ತಪ್ಪು ಮಾಡುವುದಿಲ್ಲ, ಸಮಯವನ್ನು ಊರುಗಳಿಂದ ಅಳೆಯುತ್ತೇವೆ. ಆಮಂತ್ರಣ ಪತ್ರಿಕೆಯಲ್ಲಿ 9 ಗಂಟೆ ಎಂದಿರುತ್ತದೆ. ಹತ್ತಕ್ಕೆ ಮೈಕಿನವರು ‘ಮಾನ್ಯ ಅತಿಥಿಗಳು ಸಿರವಾರ ಬಿಟ್ಟಿದ್ದಾರೆ’ ಎನ್ನುತ್ತಾರೆ. ಹನ್ನೊಂದಕ್ಕೆ ‘ಕವಿತಾಳ ದಾಟಿದ್ದಾರೆ’. ಹನ್ನೊಂದೂವರೆಗೆ ‘ನಮ್ಮೂರ ಗಡಿಗೆ ಬಂದಿದ್ದಾರೆ, ಮಕ್ಕಳು ಸಾಲು ಕೆಡಿಸಬಾರದು’. ಪಥಸಂಚಲನಕ್ಕೆ ಬೆಳಿಗ್ಗೆಯೇ ನಿಂತ ಮಕ್ಕಳಲ್ಲಿ ಒಬ್ಬಿಬ್ಬರು ಅಷ್ಟರಲ್ಲಿ ತಲೆ ಸುತ್ತಿ ಕೂತಿರುತ್ತಾರೆ. ಅವರಿಗೆ ಗ್ಲೂಕೋಸ್ ಕೊಡಲು ಆರೋಗ್ಯ ಸಮಿತಿ ಇದೆ. ಬಿದ್ದವರಿಗೆ ಸಮಿತಿ ಇದೆ, ಬೀಳದಂತೆ ನೋಡಲು ಇಲ್ಲ.

ದಾಖಲೆ ಮೂರು, ಹೆಸರು. ‘ಟ್ವೆಂಟಿ ಟ್ವೆಲ್ವ್’ನಲ್ಲಿ ಬ್ರ್ಯಾಂಡಿನ ಉಸ್ತುವಾರಿಗೆಂದೇ ಒಬ್ಬ ಮಹಿಳೆ ಇದ್ದಾಳೆ, ಬಾಯಿ ತೆರೆದರೆ ಅರ್ಥವಾಗದ ಮಾತು. ನಮ್ಮಲ್ಲಿ ಆ ಕೆಲಸಕ್ಕೆ ಫ್ಲೆಕ್ಸ್ ಅಂಗಡಿ ಸಾಕು. ನಮ್ಮ ಮಸ್ಕಿಯ ಬಂಡೆಯ ಮೇಲೆ ಒಬ್ಬ ಚಕ್ರವರ್ತಿಯ ಹೆಸರಿದೆ. ಉಳಿದ ಶಾಸನಗಳಲ್ಲಿ ಬಹುಪಾಲು ‘ದೇವಾನಾಂಪ್ರಿಯ’ ಎಂದಷ್ಟೇ ಬರೆಸಿ ಸುಮ್ಮನಾದವನು ಇಲ್ಲಿ ‘ಅಶೋಕ’ ಎಂದೂ ಬರೆಸಿದ್ದ. 1915ರಲ್ಲಿ ಚಿನ್ನ ಹುಡುಕುತ್ತಾ ಬಂದ ಗಣಿ ಎಂಜಿನಿಯರ್ ಬೀಡನ್ ಕಣ್ಣಿಗೆ ಅದು ಬೀಳುವವರೆಗೆ, ಆ ದೇವಾನಾಂಪ್ರಿಯ ಯಾರು ಎಂಬುದಕ್ಕೆ ಶಾಸನದಲ್ಲೇ ಸಾಕ್ಷಿ ಸಿಕ್ಕಿರಲಿಲ್ಲ. ಅಷ್ಟು ದೊಡ್ಡ ಸಾಮ್ರಾಜ್ಯ, ಹೆಸರು ಹಾಕಿಕೊಳ್ಳಲು ಅಷ್ಟು ಸಂಕೋಚ! ಅದೇ ನೆಲದಲ್ಲಿ ಇವತ್ತು ಕ್ರೀಡಾಕೂಟದ ಒಂದು ಫ್ಲೆಕ್ಸಿನಲ್ಲಿ ಕೈಮುಗಿದ ಮುಖಗಳನ್ನು ಎಣಿಸುವಷ್ಟರಲ್ಲಿ 1500 ಮೀಟರ್ ಓಟ ಮುಗಿದಿರುತ್ತದೆ. ಓಡುವ ಮಕ್ಕಳ ಫೋಟೊ ಇರುವುದಿಲ್ಲ. ಒಂದು ಮೂಲೆಯಲ್ಲಿ ಬೋಲ್ಟ್ ಇರುತ್ತಾನೆ, ಅವನೂ ಅಂಗಡಿಯವನ ಕಂಪ್ಯೂಟರಿನಲ್ಲಿ ಮೊದಲೇ ಇದ್ದವನು.

ಇನ್ನು 2010ರ ದೆಹಲಿ ಕಾಮನ್‌ವೆಲ್ತ್ ಕೂಟದ ಸಂಗತಿಯನ್ನು ದಾಖಲೆಯಾಗಿ ಕೊಡುತ್ತಿಲ್ಲ, ಅದು ಹಾಸ್ಯದ ವ್ಯಾಪ್ತಿ ಮೀರಿದ್ದು. ಉದ್ಘಾಟನೆಗೆ 12 ದಿನ ಇರುವಾಗ, ಸೆಪ್ಟೆಂಬರ್ 21ರಂದು, ನೆಹರೂ ಕ್ರೀಡಾಂಗಣದ ಬಳಿಯ ಪಾದಚಾರಿ ಸೇತುವೆ ಕುಸಿದು 27 ಕಾರ್ಮಿಕರು ಗಾಯಗೊಂಡರು. ಕ್ರೀಡಾಗ್ರಾಮದ ಕೊಳಕನ್ನು ವಿದೇಶಿಯರು ಎತ್ತಿ ಆಡಿದಾಗ, ಸ್ವಚ್ಛತೆಯ ಬಗ್ಗೆ ಅವರ ಮಟ್ಟ ಬೇರೆ, ನಮ್ಮದು ಬೇರೆ ಎಂಬ ಉತ್ತರ ಸಂಘಟನಾ ಸಮಿತಿಯಿಂದಲೇ ಬಂತು. ಇಂಥ ಸಂಭಾಷಣೆಯನ್ನು ನಿಮ್ಮ ಲೇಖಕರು ಬರೆದಿದ್ದರೆ ‘ಇದು ಅತಿಯಾಯಿತು’ ಎಂದು ನೀವೇ ಹೊಡೆದುಹಾಕುತ್ತಿದ್ದಿರಿ.

ಈಗ ಮುಖ್ಯ ವಿಷಯ. ನಿಮ್ಮ ಎರಡೂ ಧಾರಾವಾಹಿಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಕಚೇರಿಯಲ್ಲೇ ನಡೆಯುತ್ತದೆ. ಸಭೆ, ಫೋನು, ಕಾಫಿ, ಮತ್ತೊಂದು ಸಭೆ. ಓಡುವವರು ಕಾಣುವುದೇ ಅಪರೂಪ. ಅದಕ್ಕೇ ಅವು ಅಷ್ಟು ನಿಜ, ಅದಕ್ಕೇ ಅವು ನಮ್ಮವು. ಓಟಗಾರರಿಲ್ಲದೆ ಕ್ರೀಡಾಕೂಟ ನಡೆಸುವ ವಿದ್ಯೆಯನ್ನು ಕಂಡುಹಿಡಿದವರು ನಾವು. ಮಕ್ಕಳು ನಮಗೆ ಬೇಕಾಗುವುದು ಪಥಸಂಚಲನಕ್ಕೆ, ಕ್ರೀಡಾಜ್ಯೋತಿ ತರುವುದಕ್ಕೆ, ಭಾಷಣಕ್ಕೆ ಚಪ್ಪಾಳೆ ತಟ್ಟುವುದಕ್ಕೆ. ‘ಸೋಲು ಗೆಲುವು ಮುಖ್ಯವಲ್ಲ, ಭಾಗವಹಿಸುವುದು ಮುಖ್ಯ’ ಎಂದು ಹೇಳಿ ಮುಗಿಸಿ, ಶಾಲು ಹಾರ ಹೊತ್ತುಕೊಂಡು, ಮಾನ್ಯರು ಕಾರು ಹತ್ತಿದ ಮೇಲೆ ಉಳಿದ ಹೊತ್ತಿನಲ್ಲಿ ಓಡಿಸಬಹುದು. ಆಗ ವೇದಿಕೆಯೂ ಖಾಲಿ. ಆದರೆ ಬಿಚ್ಚುವಂತಿಲ್ಲ, ಸಂಜೆ ಬಹುಮಾನ ವಿತರಣೆ ಇದೆ.

ಆ 92 ಮೀಟರಿನಲ್ಲಿ ಗೆದ್ದವಳು ತಾಂಡಾದಿಂದ ಬಂದ ಒಂಬತ್ತನೇ ತರಗತಿ ಹುಡುಗಿ. ಕಾಲುವೆ ದಂಡೆಯ ಮೇಲೆ ಓಡಿ ಕಲಿತವಳು. ಎದೆಗೆ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದ ನಂಬರು, ನಾಲ್ಕು ಮೂಲೆಗೆ ಎರಡೇ ಪಿನ್ನು. ಯಾರದೋ ಬೂಟು ತಂದಿದ್ದಳು, ದೊಡ್ಡದಾಯಿತೆಂದು ಬಿಟ್ಟು ಬರಿಗಾಲಲ್ಲಿ ಓಡಿದಳು. ಹಟ್ಟಿಯ ಗಣಿಯಲ್ಲಿ ದೇಶಕ್ಕೇ ಚಿನ್ನ ತೆಗೆದುಕೊಡುವ ಜಿಲ್ಲೆಯಲ್ಲಿ ತಾಲ್ಲೂಕು ಕೂಟ ಅವಳಿಗೊಂದು ಪ್ಲಾಸ್ಟಿಕ್ ಕಪ್ಪು ಕೊಟ್ಟಿತು, ಅದರ ಮೇಲೆ ದಾನಿಗಳ ಹೆಸರಿತ್ತು. ಆಮೇಲೆ ಸುಮಾರು 90 ಕಿಲೋಮೀಟರ್ ದೂರದ ರಾಯಚೂರಿಗೆ ಜಿಲ್ಲಾ ಕೂಟಕ್ಕೆ ಹೋದಳು. ಅಲ್ಲಿ ನೂರು ಮೀಟರ್ ಅಂದರೆ ನೂರೇ. ತೊಂಬತ್ತರವರೆಗೂ ಎಲ್ಲರಿಗಿಂತ ಮುಂದಿದ್ದಳು. ಮುಗಿಯಿತೆಂದುಕೊಂಡು ಕಾಲು ಸಡಿಲ ಬಿಟ್ಟಳು. ಟೇಪು ಇನ್ನೂ ಮುಂದಿತ್ತು. ನಾಲ್ವರು ದಾಟಿ ಹೋದರು.

‘ಸರ, ಇಲ್ಲಿ ಯಾಕ ಜಾಸ್ತಿ ಐತ್ರಿ?’ ಎಂದು ಪಿ.ಟಿ. ಮಾಸ್ತರರನ್ನು ಕೇಳಿದಳು.

‘ರಾಯಚೂರು ದೊಡ್ಡೂರು ಅಲ್ಲೇನವಾ, ಇಲ್ಲಿ ಎಲ್ಲಾ ಜಾಸ್ತಿನ ಇರ್ತೈತಿ’ ಎಂದರು. ಪಾಪ, ಇನ್ನೇನು ಹೇಳಿಯಾರು? ನಿನ್ನ ಎಂಟು ಮೀಟರಿನ ಮೇಲೆ ಇಷ್ಟು ಮಂದಿ ಕೂತು ಚಹಾ ಕುಡಿದರು ಎಂದು ಹೇಳಿದರೆ ನಾಳೆ ಕಾರಣ ಕೇಳಿ ನೋಟಿಸು ಬರುತ್ತದೆ.

ಆದಕಾರಣ ನಮ್ಮ ಬೇಡಿಕೆಗಳು ಈ ಕೆಳಗಿನಂತಿವೆ:

1) ಎರಡೂ ಧಾರಾವಾಹಿಗಳ ಕೊನೆಯಲ್ಲಿ ‘ಮೂಲ ಕಥೆ: ತಾಲ್ಲೂಕು ಕ್ರೀಡಾಕೂಟ ಸ್ವಾಗತ ಸಮಿತಿ’ ಎಂದು ಹಾಕಬೇಕು. ಸಮಿತಿಯ ಎಲ್ಲ ಸದಸ್ಯರ ಭಾವಚಿತ್ರ ಕಡ್ಡಾಯ. ಇದರಿಂದ ಹೆಸರುಗಳ ಪಟ್ಟಿಯೇ ಕಂತಿಗಿಂತ ಉದ್ದವಾದರೆ ನಾವು ಹೊಣೆಯಲ್ಲ.

2) ಗೌರವಧನವನ್ನು ಹಣದ ರೂಪದಲ್ಲಿ ಕಳಿಸಬೇಡಿ. ಅದನ್ನು ಸ್ವೀಕರಿಸಲು ಸಮಾರಂಭ ಮಾಡಬೇಕಾಗುತ್ತದೆ, ಸಮಾರಂಭಕ್ಕೆ ವೇದಿಕೆ ಬೇಕಾಗುತ್ತದೆ, ವೇದಿಕೆಯನ್ನು ಎಲ್ಲಿ ಹಾಕುತ್ತಾರೆಂದು ತಮಗೆ ಈಗಾಗಲೇ ತಿಳಿದಿದೆ.

3) ಬದಲಿಗೆ ಎಂಟು ಮೀಟರ್ ಕೊಡಿಸಿ. ನಿಮ್ಮಿಂದ ಆಗದಿದ್ದರೆ, ಮುಂದಿನ ಕೂಟದ ಬೆಳಿಗ್ಗೆ ಎಂಟು ಗಂಟೆಗೆ ಕ್ಯಾಮೆರಾ ಹಿಡಿದ ಒಬ್ಬರನ್ನು ಕಳಿಸಿ ಆ ಸುಣ್ಣದ ಗೆರೆಯ ಮೇಲೆ ನಿಲ್ಲಿಸಿ. ಟೀವಿಯವರು ನಿಂತ ಜಾಗಕ್ಕೆ ನಮ್ಮ ಶಾಮಿಯಾನದವರು ಗೂಟ ಹೊಡೆಯುವುದಿಲ್ಲ.

ತಮ್ಮ ವಿಶ್ವಾಸಿ,
(ಸಹಿ ಇದೆ, ಮೊಹರು ಸ್ವಾಗತ ಸಮಿತಿಯವರ ಬಳಿ ಇದೆ)

ಪ್ರತಿಗಳು:
1) 2030ರ ಅಹಮದಾಬಾದ್ ಕಾಮನ್‌ವೆಲ್ತ್ ಕೂಟದ ಸಂಘಟಕರಿಗೆ: ವೇದಿಕೆ ಹಾಕಿದ ಮೇಲೆ ಇನ್ನೊಮ್ಮೆ ಟೇಪು ಹಿಡಿಯುವಂತೆ ಕೋರಿ.
2) ಶಾಮಿಯಾನದವರಿಗೆ: ಮಾಹಿತಿಗಾಗಿ ಹಾಗೂ ಯಾವುದೇ ಕ್ರಮ ಕೈಗೊಳ್ಳದಿರುವ ಸಲುವಾಗಿ.