ಬಸ್ಸಿಲ್ಲ, ವಿಷಾದವಿದೆ

ಆಕ್ಸ್‌ಫರ್ಡಿನಲ್ಲಿ, ಕೇಂಬ್ರಿಜ್‌ನಲ್ಲಿ ಸೀಟು ಸಿಗುವುದು ಬಲು ಕಷ್ಟ ಎಂದು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇವೆ. ಆ ಮಾತು ಅಲ್ಲಿನ ಹಳ್ಳಿ ಬಸ್ಸಿಗೂ ಅನ್ವಯಿಸುತ್ತದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಈ ಎರಡು ಜಗದ್ವಿಖ್ಯಾತ ಊರುಗಳ ಸುತ್ತಲಿನ ಎಷ್ಟೋ ಹಳ್ಳಿಗಳಲ್ಲಿ ಕಳೆದೊಂದು ದಶಕದಿಂದ ಬಸ್ಸು ನಿಲ್ಲುವುದಿಲ್ಲ, ನಿಂತೇಹೋಗುತ್ತದೆ. ಹಾಗೆ ನಿಂತುಹೋದಾಗ ಅಲ್ಲಿನ ಸ್ಥಳೀಯ ಸರ್ಕಾರಗಳಾದ ಕೌನ್ಸಿಲ್‌ಗಳು ಕೈಕಟ್ಟಿ ಕೂರುತ್ತವೆ ಎಂದರೆ ನಾಲಿಗೆಗೆ ಹುಳ ಬಿದ್ದೀತು. ಅವು ಬಹಳ ಕೆಲಸ ಮಾಡುತ್ತವೆ. ಬಸ್ಸು ಓಡಿಸುವುದೊಂದನ್ನು ಬಿಟ್ಟು.

ಇದರಲ್ಲಿ ಕೌನ್ಸಿಲಿನ ತಪ್ಪೆಷ್ಟು ಎಂದು ತೂಗುವ ಮೊದಲು 1986ರ ಅಕ್ಟೋಬರ್ 26ನೇ ತಾರೀಖಿಗೆ ಹೋಗಿಬರಬೇಕು. ಅದಕ್ಕೆ ಮುಂಚೆ ಬ್ರಿಟನ್ನಿನಲ್ಲಿ 1930ರ ಕಾಯ್ದೆಯಂತೆ ರೂಟಿಗೊಂದು ಲೈಸೆನ್ಸು ಬೇಕಿತ್ತು. ಅದೇ ಜಾತಿಯ ಪರ್ಮಿಟ್ಟನ್ನು 1939ರ ಮೋಟಾರು ವಾಹನ ಕಾಯ್ದೆಯ ಮೂಲಕ ನಮಗೂ ಕಟ್ಟಿ ಹೋದರು. ನಾವು 1988ರಲ್ಲಿ ಕಾಯ್ದೆ ಬದಲಿಸಿಯೂ ಪರ್ಮಿಟ್ಟನ್ನು ಬಿಟ್ಟುಕೊಡಲಿಲ್ಲ. ಕೊಟ್ಟವರು ಅಷ್ಟರಲ್ಲಿ ತಮ್ಮದನ್ನು ಹರಿದುಹಾಕಿದ್ದರು. ಥ್ಯಾಚರ್ ಸಂಪುಟದ ಸಾರಿಗೆ ಸಚಿವ ನಿಕೋಲಸ್ ರಿಡ್ಲಿ ತಂದ, 1986ರ ಆ ತಾರೀಖಿನಿಂದ ಜಾರಿಯಾದ 1985ರ ಕಾಯ್ದೆಯ ಪ್ರಕಾರ ಲೈಸೆನ್ಸು ಪಡೆದ ಯಾವ ಕಂಪನಿಯೂ ಎಲ್ಲಿಗೆ ಬೇಕಾದರೂ ಬಸ್ಸು ಬಿಡಬಹುದು, ಗಿಟ್ಟುವುದಿಲ್ಲ ಅನಿಸಿದರೆ ನೋಟಿಸು ಕೊಟ್ಟು ತೆಗೆಯಬಹುದು. ಪೈಪೋಟಿಯಿಂದ ದರ ಇಳಿಯುತ್ತದೆ, ಜನ ಹೆಚ್ಚುತ್ತಾರೆ ಎಂಬುದು ಸಿದ್ಧಾಂತ. ಮದ್ದು ಅಷ್ಟೊಂದು ಒಳ್ಳೆಯದಿದ್ದುದರಿಂದ ಅದನ್ನು ಇಡೀ ಗ್ರೇಟ್ ಬ್ರಿಟನ್ನಿಗೆ ಕುಡಿಸಿ, ಪಾರ್ಲಿಮೆಂಟಿರುವ ಲಂಡನ್ ಒಂದಕ್ಕೆ ಮಾತ್ರ ಕೊಡದೆ ಉಳಿಸಿದರು.

ಪೈಪೋಟಿ ಬರಲಿಲ್ಲ ಅನ್ನುವಂತಿಲ್ಲ. ಡಾರ್ಲಿಂಗ್ಟನ್ ಎಂಬ ಊರಿನಲ್ಲಿ 1994ರಲ್ಲಿ ಪುರಸಭೆಯ ಬಸ್ ಕಂಪನಿ ಮಾರಾಟಕ್ಕಿತ್ತು. ಅದು ತನಗೆ ದಕ್ಕುವುದಿಲ್ಲ ಎಂದು ಗೊತ್ತಾದ ಖಾಸಗಿ ಬಸ್ಸುಗಳ ಸ್ಟೇಜ್‌ಕೋಚ್ ಬಳಗ, ಆ ಕಂಪನಿಯ ಡ್ರೈವರುಗಳನ್ನೇ ಬೋನಸ್ ಕೊಟ್ಟು ಸೆಳೆದುಕೊಂಡು, ಅವೇ ರಸ್ತೆಗಳಲ್ಲಿ ಪುಕ್ಕಟೆ ಬಸ್ಸು ಬಿಟ್ಟಿತು. ಪುರಸಭೆಯ ಕಂಪನಿ ಮುಳುಗಿತು. ಏಕಸ್ವಾಮ್ಯ ಆಯೋಗ ವಿಚಾರಣೆ ಮಾಡಿ 1995ರಲ್ಲಿ ಕಟುವಾಗಿ ಖಂಡಿಸಿತು. ಬಸ್ಸು ಮಾತ್ರ ಗೆದ್ದವರದ್ದೇ ಉಳಿಯಿತು.

ಹಳೇ ವ್ಯವಸ್ಥೆಯಲ್ಲಿ ಪೇಟೆ ರೂಟಿನ ಕಲೆಕ್ಷನ್ ಹಳ್ಳಿ ರೂಟಿನ ಡೀಸೆಲ್ಲಿಗೆ ಹೋಗುತ್ತಿತ್ತು. ಹೊಸ ಅರ್ಥಶಾಸ್ತ್ರದ ಕಣ್ಣಿಗೆ ಅದು ಅದಕ್ಷತೆಯಾಗಿ ಕಂಡಿತು. ಪೇಟೆಯ ಕಲೆಕ್ಷನ್ ಕಂಪನಿಗೆ, ಹಳ್ಳಿಯ ನಷ್ಟ ಕೌಂಟಿ ಕೌನ್ಸಿಲಿಗೆ ಎಂದು ಪಾಲು ಮಾಡಿದರು. ಇಷ್ಟು ಚೊಕ್ಕವಾದ ಪಾಲುಪಟ್ಟಿಯನ್ನು ನಮ್ಮ ತಾಲ್ಲೂಕು ಕಚೇರಿಯ ಪತ್ರಬರಹಗಾರರೂ ಬರೆದಿರಲಿಕ್ಕಿಲ್ಲ. ಕಂಪನಿ ಲಾಭದ ರೂಟನ್ನು ಇಟ್ಟುಕೊಂಡು ನಷ್ಟದ್ದನ್ನು ಕೆಳಗಿಡುತ್ತದೆ. ಕೌನ್ಸಿಲ್ ಅದನ್ನೆತ್ತಿ ಟೆಂಡರ್ ಕರೆಯುತ್ತದೆ. ಕೆಳಗಿಟ್ಟ ಕಂಪನಿಯೇ ಟೆಂಡರಿಗೆ ಬರಬಹುದು, ಯಾವ ಅಡ್ಡಿಯೂ ಇಲ್ಲ. ನಿನ್ನೆಯವರೆಗೆ ಗಿಟ್ಟದಿದ್ದ ರೂಟು ಇವತ್ತು ಸರ್ಕಾರಿ ದುಡ್ಡಿನಲ್ಲಿ ಗಿಟ್ಟುತ್ತದೆ.

ಕೌನ್ಸಿಲ್ ಟೆಂಡರ್ ಕರೆಯಲೇಬೇಕೆ ಎಂದು ಕೇಳಿದರೆ 1985ರ ಕಾಯ್ದೆಯ 63ನೇ ಸೆಕ್ಷನ್ ನೋಡಬೇಕು. ಬೇರೆ ರೀತಿಯಲ್ಲಿ ಪೂರೈಕೆಯಾಗದ ಸಾರಿಗೆ ಅಗತ್ಯಗಳಿಗೆ ಕೌನ್ಸಿಲ್ ತನಗೆ ಸೂಕ್ತವೆಂದು ಕಂಡಷ್ಟು ಬಸ್ಸುಗಳನ್ನು ಒದಗಿಸಬೇಕು ಎಂದಿದೆ. ಸೂಕ್ತವೆಂದು ಕಾಣದಿದ್ದರೆ ಒದಗಿಸಬೇಕಾಗಿಲ್ಲ. ಅಂದರೆ ಕಾನೂನು ಕೌನ್ಸಿಲಿಗೆ ಕಡ್ಡಾಯ ಮಾಡಿರುವುದು ಯೋಚನೆಯನ್ನು. ಕಂಬ್ರಿಯಾ ಕೌಂಟಿ ಹೀಗೆ ಯೋಚಿಸಿ 2014ರಲ್ಲಿ ಬಸ್ ಸಬ್ಸಿಡಿಯನ್ನು ಒಂದು ಪೈಸೆ ಉಳಿಸದೆ ನಿಲ್ಲಿಸಿತು. ಬೆಟ್ಟ, ಸರೋವರಗಳ ಸೀಮೆ ಅದು. ನಡೆದಾಡುವವರ ಸ್ವರ್ಗ ಎಂದೇ ಹೆಸರು. ಕೌನ್ಸಿಲ್ ಆ ಹೆಸರನ್ನು ಅಕ್ಷರಶಃ ನಂಬಿರಬೇಕು.

ಯೋಚಿಸುವುದಕ್ಕೂ ಇಂಗ್ಲೆಂಡಿನಲ್ಲಿ ಕ್ರಮವಿದೆ. ಕಂಪನಿ ಒಂದು ರೂಟನ್ನು ತೆಗೆಯುವ ಮುಂಚೆ ಮೊದಲ 28 ದಿನ ಕೌನ್ಸಿಲಿಗೆ ಗುಟ್ಟಾಗಿ ತಿಳಿಸಿರಬೇಕು, ಆಮೇಲೆ 42 ದಿನ ಬಸ್ ಲೈಸೆನ್ಸಿನ ಅಧಿಕಾರಿಯಾದ ಟ್ರಾಫಿಕ್ ಕಮಿಷನರ್ ಮುಂದೆ ನೋಟಿಸು ಇರಬೇಕು. ಒಟ್ಟು 70 ದಿನ. ಈ ಎಪ್ಪತ್ತು ದಿನದಲ್ಲಿ ಮೊದಲು ಹೊರಬೀಳುವುದು ಹೇಳಿಕೆ. ‘ಕಂಪನಿಯ ನಿರ್ಧಾರದಿಂದ ನಮಗೆ ತೀವ್ರ ನಿರಾಶೆಯಾಗಿದೆ, ಇದು ಅವರ ವಾಣಿಜ್ಯ ನಿರ್ಧಾರ, ನಿವಾಸಿಗಳ ಆತಂಕ ನಮಗೆ ಅರ್ಥವಾಗುತ್ತದೆ.’ ಬೇಕಿದ್ದರೆ ಊರಿನ ಹೆಸರಷ್ಟೇ ಬದಲಿಸಿ ಇದನ್ನು ಯಾವ ಕೌಂಟಿಯಲ್ಲಾದರೂ ಬಳಸಬಹುದು. ಎರಡನೆಯದಾಗಿ ಬರುವುದು ಬುದ್ಧಿವಾದ. ಬಸ್ಸು ಉಳಿಯಬೇಕಿದ್ದರೆ ಹತ್ತಿ, ಹತ್ತದಿದ್ದರೆ ಕಳೆದುಕೊಳ್ಳುತ್ತೀರಿ! ದಿನಕ್ಕೆರಡು ಟ್ರಿಪ್, ಕೊನೇ ಬಸ್ಸು ಸಂಜೆಯಾಗುವ ಮೊದಲೇ, ಭಾನುವಾರ ಇಲ್ಲವೇ ಇಲ್ಲ. ಇಂಥ ಬಸ್ಸಿಗೆ ಜನ ಹತ್ತುವುದಿಲ್ಲವೆಂದರೆ ತಪ್ಪು ಜನರದ್ದೇ ಇರಬೇಕು. ಮೂರನೆಯದು ಸಮಾಲೋಚನೆ. ಪ್ರಶ್ನಾವಳಿ ವೆಬ್‌ಸೈಟಿನಲ್ಲಿರುತ್ತದೆ, ಕಾಗದದ ಪ್ರತಿ ಬೇಕೆನ್ನುವ ಅಜ್ಜಿಗೆ ಪೇಟೆಯ ಲೈಬ್ರರಿಯಲ್ಲಿ ಸಿಗುತ್ತದೆ. ಪೇಟೆಗೆ ಹೇಗೆ ಹೋಗುವುದು ಎಂಬುದನ್ನು ಪ್ರಶ್ನಾವಳಿಯ ‘ಇತರ ಅಭಿಪ್ರಾಯ’ದಲ್ಲಿ ಬರೆಯಬಹುದು.

ನಾನು ಎಲ್ಲಕ್ಕಿಂತ ಹೆಚ್ಚು ತಲೆಬಾಗುವುದು ಸಮಾನತಾ ಪರಿಣಾಮ ವರದಿಗೆ. 2010ರ ಸಮಾನತೆ ಕಾಯ್ದೆಯ ಪ್ರಕಾರ ಸಾರ್ವಜನಿಕ ಸಂಸ್ಥೆ ತನ್ನ ನಿರ್ಧಾರದಿಂದ ಯಾರಿಗೆ ಏನಾಗುತ್ತದೆ ಎಂದು ಗಮನ ಕೊಟ್ಟು ನೋಡಬೇಕು. ಕೌನ್ಸಿಲ್‌ಗಳು ನೋಡುತ್ತವೆ. ಬಸ್ಸು ನಿಂತರೆ ವಯಸ್ಸಾದವರಿಗೆ ತೊಂದರೆ, ಅಂಗವಿಕಲರಿಗೆ ತೊಂದರೆ, ಕಾರಿಲ್ಲದ ಹೆಂಗಸರಿಗೆ ತೊಂದರೆ, ಕಾಲೇಜಿಗೆ ಹೋಗುವ ಹುಡುಗರಿಗೆ ತೊಂದರೆ ಎಂದು ಕೋಷ್ಟಕ ಹಾಕಿ ಬರೆಯುತ್ತವೆ. ಹೊಡೆತ ಯಾರ್‍ಯಾರಿಗೆ ಬೀಳುತ್ತದೆ ಎಂದು ಪಟ್ಟಿ ಮಾಡಿ, ಸಹಿ ಹಾಕಿ, ಅನುಬಂಧಕ್ಕೆ ಸೇರಿಸಿ, ಆಮೇಲೆ ಕೈಯೆತ್ತಿ ಹೊಡೆಯುತ್ತವೆ. ನಮ್ಮಲ್ಲಿ ಹೊಡೆದ ಮೇಲೆ ವಿಚಾರಣಾ ಆಯೋಗ. ಅವರದು ಮುಂಗಡ ವ್ಯವಸ್ಥೆ.

ಆಕ್ಸ್‌ಫರ್ಡ್‌ಶೈರ್ ಕೌಂಟಿಯಲ್ಲಿ ಇದೆಲ್ಲವೂ ಸಾಂಗವಾಗಿ ನಡೆದು 2016ರ ಜುಲೈನಲ್ಲಿ ಬಸ್ ಸಬ್ಸಿಡಿ ಪೂರ್ತಿ ನಿಂತಿತು. ಸಬ್ಸಿಡಿಯಲ್ಲಿ ಓಡುತ್ತಿದ್ದ ರೂಟುಗಳು ನೂರಕ್ಕೂ ಹೆಚ್ಚು. ಕೆಲವನ್ನು ಕಂಪನಿಗಳು ಕಷ್ಟಪಟ್ಟು ಉಳಿಸಿಕೊಂಡವು, ಉಳಿದವು ಹೋದವು. ಈ ಕೌಂಟಿಯೊಳಗಿನ ವಿಟ್ನಿ ಕ್ಷೇತ್ರದ ಆಗಿನ ಸಂಸದರ ಹೆಸರು ಡೇವಿಡ್ ಕ್ಯಾಮರೂನ್. ಬಿಡುವಿನ ವೇಳೆಯಲ್ಲಿ ಅವರು ದೇಶದ ಪ್ರಧಾನಿಯೂ ಆಗಿದ್ದರು. 2015ರಲ್ಲಿ ಅವರು ಕೌನ್ಸಿಲಿನ ನಾಯಕ ಇಯಾನ್ ಹಡ್‌ಸ್ಪೆತ್ ಅವರಿಗೆ ಬರೆದ ಕಾಗದವೊಂದು ಪತ್ರಿಕೆಗೆ ಸೋರಿತು. ವೃದ್ಧರ ಹಗಲು ಕೇಂದ್ರ, ಲೈಬ್ರರಿ, ಮ್ಯೂಸಿಯಂ ಎಂದು ಜನರಿಗೆ ನೇರವಾಗಿ ತಟ್ಟುವ ಸೇವೆಗಳನ್ನೇ ಕತ್ತರಿಸಲು ಹೊರಟಿದ್ದೀರಲ್ಲ, ನನಗೆ ನಿರಾಶೆಯಾಗಿದೆ; ಕಚೇರಿ ಖರ್ಚು ಇಳಿಸಿ, ಹೆಚ್ಚುವರಿ ಆಸ್ತಿ ಮಾರಿ, ಎಂದು ಸಲಹೆ. ಕೌನ್ಸಿಲಿಗೆ ಬರುವ ಅನುದಾನವನ್ನು ಇಳಿಸಿದ ಸರ್ಕಾರದ ಯಜಮಾನರು ಇವರೇ. ಹಡ್‌ಸ್ಪೆತ್ ಕೂಡ ಅದೇ ಪಕ್ಷದವರು. ಅವರು ವಿನಯವಾಗಿಯೇ ಉತ್ತರ ಬರೆದರು. ಶೇ 37ರಷ್ಟು ಇಳಿದ ಅನುದಾನವನ್ನು ತಾವು ‘ಸ್ವಲ್ಪ ಇಳಿಕೆ’ ಅನ್ನುವುದನ್ನು ಒಪ್ಪಲಾಗದು, ಆಸ್ತಿ ಒಮ್ಮೆ ಮಾರಿದರೆ ಮತ್ತೆ ಮಾರಲಾಗದು, ಆ ದುಡ್ಡನ್ನು ದಿನದ ಖರ್ಚಿಗೆ ಬಳಸಲು ಕಾನೂನೂ ಬಿಡದು.

ಕೌನ್ಸಿಲ್‌ಗಳು ಕಂಪನಿಗೆ ಕಳಿಸುವ ‘ನಿರಾಶೆಯಾಗಿದೆ’ ಎಲ್ಲಿಂದ ಇಳಿದುಬರುತ್ತದೆ ಎಂಬುದು ಆ ಕಾಗದ ಓದಿದಾಗ ತಿಳಿಯುತ್ತದೆ. ಪ್ರಧಾನಿಗೆ ಕೌನ್ಸಿಲಿನ ಬಗ್ಗೆ ನಿರಾಶೆ, ಕೌನ್ಸಿಲಿಗೆ ಕಂಪನಿಯ ಬಗ್ಗೆ, ಕಂಪನಿಗೆ ಪ್ರಯಾಣಿಕರ ಬಗ್ಗೆ. ಪ್ರಯಾಣಿಕರಿಗೆ ಸ್ಟಾಪಿನಲ್ಲಿ ನಿಂತು ನಿರಾಶೆಪಡಲು ಯಾರೂ ಉಳಿದಿಲ್ಲ. ಅಂದಹಾಗೆ, ಬಸ್ ಸಬ್ಸಿಡಿ ನಿಂತ ಅದೇ ಜುಲೈನಲ್ಲಿ ಕ್ಯಾಮರೂನ್ ಅವರ ಪ್ರಧಾನಿ ಸೇವೆಯೂ ರದ್ದಾಯಿತು. ಅದರ ಸಮಾಲೋಚನೆ ಹಿಂದಿನ ತಿಂಗಳು ಜನಮತಗಣನೆಯೆಂಬ ಹೆಸರಿನಲ್ಲಿ ದೇಶದಾದ್ಯಂತ ನಡೆದಿತ್ತು, ಜನ ಉತ್ಸಾಹದಿಂದ ಭಾಗವಹಿಸಿದ್ದರು.

ವಿಟ್ನಿಯ ಜನ ಕೊನೆಗೆ ತಾವೇ ಸೇರಿ, ಲಾಭದಾಸೆಯಿಲ್ಲದ ಸಹಕಾರಿ ಬಸ್ಸೊಂದನ್ನು ಕಟ್ಟಿಕೊಂಡರು. ಅವರಿಗೆ ಕೈಮುಗಿಯಬೇಕು. ಕೌನ್ಸಿಲ್‌ಗಳು ಕೈಮುಗಿಯುವುದಷ್ಟೇ ಅಲ್ಲ, ಇಂಥವನ್ನು ‘ಸಮುದಾಯದ ಶಕ್ತಿ’ ಎಂದು ತಮ್ಮ ವರದಿಯಲ್ಲಿ ಬರೆದುಕೊಳ್ಳುತ್ತವೆ. ಎಷ್ಟೋ ಕಡೆ ಎಪ್ಪತ್ತೈದು ದಾಟಿದವರನ್ನು ಅರವತ್ತೈದು ದಾಟಿದ ಸ್ವಯಂಸೇವಕರು ಆಸ್ಪತ್ರೆಗೆ ಬಿಟ್ಟುಬರುತ್ತಾರೆ. ಇನ್ನು ಹತ್ತು ವರ್ಷಕ್ಕೆ ಡ್ರೈವರು ಹಿಂದಿನ ಸೀಟಿಗೆ ಬರುತ್ತಾರೆ. ಆಗ ಸ್ಟಿಯರಿಂಗ್ ಹಿಡಿಯುವವರು ಯಾರು ಎಂಬುದು ಯಾವ ಕಾರ್ಯತಂತ್ರದಲ್ಲೂ ಇಲ್ಲ.

ಈ ಹಿರಿಯರ ಕಿಸೆಯಲ್ಲಿ ಒಂದು ಪಾಸಿರುತ್ತದೆ. 2008ರ ಏಪ್ರಿಲ್‌ನಿಂದ ಇಂಗ್ಲೆಂಡಿನಲ್ಲಿ ಪಿಂಚಣಿ ವಯಸ್ಸಿನವರು ದೇಶದ ಯಾವ ಊರಿನ ಬಸ್ಸಿನಲ್ಲಾದರೂ ಪುಕ್ಕಟೆ ಓಡಾಡಬಹುದು, ವಾರದ ದಿನಗಳಲ್ಲಿ ಬೆಳಗಿನ ಒಂಬತ್ತೂವರೆಯ ನಂತರ. ಪಾಸು ಕಾನೂನುಬದ್ಧ ಹಕ್ಕು, ಕೌನ್ಸಿಲ್ ಅದನ್ನು ನಿರಾಕರಿಸುವಂತಿಲ್ಲ. ಬಸ್ಸು ಹಕ್ಕಲ್ಲ. ಹೀಗಾಗಿ ಕೌನ್ಸಿಲ್ ಬಸ್ಸಿನ ಸಬ್ಸಿಡಿ ನಿಲ್ಲಿಸಬಹುದು, ಬಸ್ಸಿಲ್ಲದ ಊರಿಗೆ ಪಾಸು ಕಳಿಸುವುದನ್ನು ನಿಲ್ಲಿಸಲಾಗದು. ನಗಬೇಡಿ, 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ಖಾಸಗಿ ಬಸ್ಸನ್ನೇ ನಂಬಿದ ನಮ್ಮ ಕರಾವಳಿಯ ಹೆಂಗಸರು ಸರ್ಕಾರಿ ಬಸ್ಸಿಲ್ಲದ ರೂಟಿನಲ್ಲಿ ಉಚಿತ ಪ್ರಯಾಣದ ಹಕ್ಕನ್ನು ಎದೆಗಪ್ಪಿಕೊಂಡು ಟಿಕೆಟ್ಟಿಗೆ ದುಡ್ಡು ಎಣಿಸುತ್ತಿದ್ದರು.

2021ರ ಮಾರ್ಚಿನಲ್ಲಿ ಪ್ರಧಾನಿ ಬೋರಿಸ್ ಜಾನ್ಸನ್ ಬಸ್ಸುಗಳಿಗೆ ಮೂರು ಬಿಲಿಯನ್ ಪೌಂಡಿನ ಪುನರುಜ್ಜೀವನ ಘೋಷಿಸಿದರು. ಬಸ್ಸಿನ ಮೇಲೆ ಅವರಿಗೆ ಪ್ರೀತಿ ಇದ್ದದ್ದು ಸುಳ್ಳಲ್ಲ. ಬಿಡುವಾದಾಗ ಹಳೇ ವೈನ್ ಪೆಟ್ಟಿಗೆಗಳಲ್ಲಿ ಬಸ್ಸು ಮಾಡಿ, ಒಳಗೆ ಖುಷಿಯಾಗಿ ಕೂತ ಪ್ರಯಾಣಿಕರ ಚಿತ್ರ ಬರೆಯುತ್ತೇನೆ ಎಂದು 2019ರಲ್ಲಿ ಸಂದರ್ಶನವೊಂದರಲ್ಲಿ ಹೇಳಿದ್ದರು. ಕೌನ್ಸಿಲ್‌ಗಳೆಲ್ಲ 2021ರ ಅಕ್ಟೋಬರಿನೊಳಗೆ ಸುಧಾರಣಾ ಯೋಜನೆ ಬರೆದುಕೊಡಬೇಕೆಂದು ಫರ್ಮಾನಾಯಿತು. ಬರೆದರು. ಮೊದಲ ಹಂಚಿಕೆಯಲ್ಲಿ ಹಲವು ಕೌನ್ಸಿಲ್‌ಗಳಿಗೆ ಏನೂ ಸಿಗಲಿಲ್ಲ. ಯೋಜನೆಯ ಪ್ರತಿ ಮಾತ್ರ ಅವರಲ್ಲೇ ಉಳಿಯಿತು, ಅದರಲ್ಲೂ ಖುಷಿಯಾಗಿ ಕೂತ ಪ್ರಯಾಣಿಕರ ಚಿತ್ರಗಳಿರುತ್ತವೆ.

ಕೇಂಬ್ರಿಜ್‌ಶೈರಿನದು ಇದ್ದುದರಲ್ಲಿ ಮರ್ಯಾದಸ್ಥರ ಉತ್ತರ ಎಂದು ಒಪ್ಪಿಕೊಳ್ಳಬೇಕು. 2022ರ ಸೆಪ್ಟೆಂಬರಿನಲ್ಲಿ ಸ್ಟೇಜ್‌ಕೋಚ್ ಅಲ್ಲಿನ 18 ರೂಟುಗಳನ್ನು ಅಕ್ಟೋಬರ್ ಕೊನೆಗೆ ನಿಲ್ಲಿಸುವುದಾಗಿ ಹೇಳಿತು. ಕೋವಿಡ್ ನಂತರ ಜನ ವಾಪಸು ಬಂದಿರಲಿಲ್ಲ, ಸರ್ಕಾರದ ಕೋವಿಡ್ ಅನುದಾನವೂ ಮುಗಿಯುವ ಹಂತದಲ್ಲಿತ್ತು. ಆ ಪ್ರದೇಶದ ಆಗಿನ ಮೇಯರ್ ನಿಕ್ ಜಾನ್ಸನ್ ವೃತ್ತಿಯಿಂದ ಮಕ್ಕಳ ವೈದ್ಯರು. ನಿರಾಶೆ ಪ್ರಕಟಿಸಿ ಸುಮ್ಮನಾಗದೆ ಅವಸರದಲ್ಲಿ ಟೆಂಡರ್ ಕರೆದು ಹೆಚ್ಚಿನವನ್ನು ಉಳಿಸಿದರು. ಮುಂದಿನ ಏಪ್ರಿಲ್‌ನಿಂದ ಮನೆತೆರಿಗೆಯ ಮೇಲೆ ಸಾಧಾರಣ ದರ್ಜೆಯ ಮನೆಗೆ ವರ್ಷಕ್ಕೆ 12 ಪೌಂಡ್ ಹಾಕಿದರು, ಅದರ ಮುಂದಿನ ವರ್ಷ 36 ಮಾಡಿದರು. ಬಸ್ಸು ಬೇಕೆ, ದುಡ್ಡು ಕೊಡಿ ಎಂದು ಮುಖಕ್ಕೆ ಹೇಳಿದ ರಾಜಕಾರಣಿ ಅಪರೂಪ. ಆದರೆ ಪಾಲುಪಟ್ಟಿ ಅದೇ ಹಳೆಯದು. ಗಿಟ್ಟುವ ರೂಟಿನ ಲಾಭ ಕಂಪನಿಗೆ, ಗಿಟ್ಟದ್ದಕ್ಕೆ ಮನೆಮನೆಯಿಂದ ವಂತಿಗೆ. 2022ರಲ್ಲೇ ಸ್ಟೇಜ್‌ಕೋಚನ್ನು ಜರ್ಮನಿಯ ಹಣಕಾಸು ಸಂಸ್ಥೆಯೊಂದು ನೋಡಿಕೊಳ್ಳುವ ನಿಧಿ ಕೊಂಡಿತ್ತು. 

ಹಾಗಿದ್ದರೆ ಕೌನ್ಸಿಲೇ ಒಂದು ಬಸ್ ಕಂಪನಿ ಕಟ್ಟಬಾರದೆ? ರೆಡಿಂಗ್, ನಾಟಿಂಗ್‌ಹ್ಯಾಮ್ ಊರುಗಳಲ್ಲಿ ಪುರಸಭೆಯ ಕಂಪನಿಗಳು ಉಳಿದಿವೆ, ಒಳ್ಳೆಯ ಹೆಸರನ್ನೂ ಪಡೆದಿವೆ. ಬಹುಶಃ ಅದಕ್ಕೇ 2017ರ ಕಾಯ್ದೆ ಇಂಗ್ಲೆಂಡಿನಲ್ಲಿ ಕೌನ್ಸಿಲ್‌ಗಳು ಹೊಸದಾಗಿ ಬಸ್ ಕಂಪನಿ ಕಟ್ಟಕೂಡದು ಎಂದಿತು. ಆ ಹೊತ್ತಿಗೆ ದೇಶದ ದೊಡ್ಡ ಬಸ್ ಕಂಪನಿಗಳಲ್ಲೊಂದಾದ ಅರೈವಾ ಜರ್ಮನ್ ಸರ್ಕಾರದ ರೈಲ್ವೆಯ ಸ್ವತ್ತಾಗಿತ್ತು. ಲಂಡನ್ನಿನ ಕೆಲವು ಕೆಂಪು ಬಸ್ಸುಗಳನ್ನು ಪ್ಯಾರಿಸ್ಸಿನ ಸರ್ಕಾರಿ ಸಾರಿಗೆ ಸಂಸ್ಥೆ ಓಡಿಸುತ್ತಿತ್ತು. ಸರ್ಕಾರಕ್ಕೆ ಬಸ್ಸು ಓಡಿಸುವ ಯೋಗ್ಯತೆ ಇಲ್ಲ ಎಂದು ಇಂಗ್ಲೆಂಡು ಯಾವತ್ತೂ ಹೇಳಿಲ್ಲ. ತನ್ನ ಸರ್ಕಾರಕ್ಕೆ ಇಲ್ಲ ಎಂದಿತು, ಅಷ್ಟೆ.

ಈಗ ಗಾಳಿ ತಿರುಗಿದೆ. ಗ್ರೇಟರ್ ಮ್ಯಾಂಚೆಸ್ಟರಿನ ಮೇಯರ್ ಆ್ಯಂಡಿ ಬರ್ನಮ್ 2023ರ ಸೆಪ್ಟೆಂಬರಿನಲ್ಲಿ ಶುರುಮಾಡಿ 2025ರ ಜನವರಿ ಹೊತ್ತಿಗೆ ಎಲ್ಲ ರೂಟುಗಳನ್ನು ತಮ್ಮ ಹಿಡಿತಕ್ಕೆ ತಂದುಕೊಂಡು ಬಸ್ಸುಗಳಿಗೆ ಹಳದಿ ಬಣ್ಣ ಬಳಿಸಿದ್ದಾರೆ. ಕೇಂಬ್ರಿಜ್‌ಶೈರ್ ಅದೇ ದಾರಿ ಹಿಡಿಯುವುದಾಗಿ ಆ ಫೆಬ್ರವರಿಯಲ್ಲಿ ತೀರ್ಮಾನಿಸಿತು. 2025ರ ಹೊಸ ಕಾಯ್ದೆ ಕೌನ್ಸಿಲ್ ಕಂಪನಿಯ ಮೇಲಿನ ನಿಷೇಧವನ್ನೂ ತೆಗೆದಿದೆ. ಡಿಪೋ, ಬಸ್ಸು, ಡ್ರೈವರು ಇವೆಲ್ಲ ಎಲ್ಲಿಂದ ತರುವುದು ಎಂಬ ಕ್ಷುಲ್ಲಕ ಪ್ರಶ್ನೆಗಳು ಇದ್ದೇ ಇರುತ್ತವೆ.

ಕೌನ್ಸಿಲ್‌ಗಳ ಮನಸ್ಸಿಗೆ ಹೆಚ್ಚು ಒಗ್ಗುವುದು ಅದೇ ಕಾಯ್ದೆಯ ಇನ್ನೊಂದು ಅಂಶ. ಸಾಮಾಜಿಕವಾಗಿ ಅತ್ಯಗತ್ಯವಾದ ಬಸ್ಸುಗಳು ಯಾವುವು ಎಂದು ಇನ್ನು ಮುಂದೆ ಪಟ್ಟಿ ಮಾಡಬೇಕು, ಪಟ್ಟಿಯಲ್ಲಿರುವುದನ್ನು ಕಂಪನಿ ನಿಲ್ಲಿಸ ಹೊರಟರೆ ಪರ್ಯಾಯವೇನೆಂದು ನೋಡಬೇಕು. ಪಟ್ಟಿಯಾದ ಮೇಲೆ ಪರಿಶೀಲನೆ, ಪರಿಶೀಲನೆಗೊಂದು ಸಮಾಲೋಚನೆ. ಕೆಲಸ ಜಾಸ್ತಿಯಾಗುತ್ತದೆ, ಹೊಸ ಹುದ್ದೆ ಬೇಕಾಗುತ್ತದೆ. ಗ್ರಾಮೀಣ ಬಸ್ ಅಗತ್ಯಗಳ ಅಧಿಕಾರಿ ಬೇಕಾಗಿದ್ದಾರೆ ಎಂಬ ಜಾಹೀರಾತು ಕೌಂಟಿಯ ಯಾವುದಾದರೂ ಮೂಲೆಯ ಕಚೇರಿಯಿಂದ ಇಷ್ಟರಲ್ಲೇ ಹೊರಡಬಹುದು. ಅರ್ಹತೆಗಳ ಕೊನೆಯ ಸಾಲನ್ನು ನಾನು ಈಗಲೇ ಬರೆದುಕೊಡುತ್ತೇನೆ: ಅಭ್ಯರ್ಥಿಯು ಡ್ರೈವಿಂಗ್ ಲೈಸೆನ್ಸ್ ಮತ್ತು ಸ್ವಂತ ಕಾರು ಹೊಂದಿರತಕ್ಕದ್ದು.