ಅರ್ಧಗೃಹ ಪ್ರಮಾಣಮೀಮಾಂಸೆ, ಅಥವಾ ನಡುಗೋಡೆಯ ಆಚೆ ಯಾರಾದರೂ ಇದ್ದಾರೆಯೇ ಎಂಬ ವಿಚಾರ

ವಿಕ್ಟೋರಿಯಾ ರಾಣಿಯ ಆಳ್ವಿಕೆಯ (1837–1901) ಕೊನೆಯ ದಶಕಗಳಲ್ಲಿ, ರೈಲು ಹೋದ ಕಡೆಗೆಲ್ಲ ಹೊಲಗದ್ದೆಗಳನ್ನು ನುಂಗುತ್ತ ಇಂಗ್ಲೆಂಡಿನ ನಗರಗಳ ಅಂಚಿನಲ್ಲಿ ಹಬ್ಬಿದ ಸೆಮಿ-ಡಿಟ್ಯಾಚ್ಡ್ ಮನೆ, ಅಂದರೆ ಒಂದು ಮಗ್ಗುಲಲ್ಲಿ ನೆರೆಮನೆಗೆ ಅಂಟಿಕೊಂಡು ಉಳಿದ ಮೂರು ಮಗ್ಗುಲಲ್ಲಿ ಬಿಡಿಯಾಗಿ ನಿಂತ ಮನೆ, ವಾಸ್ತುಶಾಸ್ತ್ರಕ್ಕಿಂತ ಹೆಚ್ಚಾಗಿ ತರ್ಕಶಾಸ್ತ್ರಕ್ಕೆ ಸೇರಿದ ವಸ್ತು. ಸಾಲುಮನೆಯನ್ನು ಅದ್ವೈತವೆಂದೂ ನಾಲ್ಕು ಕಡೆಯೂ ತೋಟವಿರುವ ಬಂಗಲೆಯನ್ನು ದ್ವೈತವೆಂದೂ ಒಪ್ಪಿದ ಮೇಲೆ ಇದನ್ನು ಭೇದಾಭೇದವೆನ್ನದೆ ಗತ್ಯಂತರವಿಲ್ಲ. ಇದರ ಅಧಿದೇವತೆ ನಡುಗೋಡೆ. ಸಾಮಾನ್ಯವಾಗಿ 9 ಇಂಚು ದಪ್ಪವಿದ್ದು, ಎರಡೂ ಸಂಸಾರಗಳು ಆಚೆ ಯಾರೂ ಇಲ್ಲವೆಂಬಂತೆ ಬಾಳಲು ನೆರವಾಗುವುದೇ ಅದರ ಮಹಿಮೆ. ಹಾಗಾದರೆ ನೆರೆಯವನು ಇದ್ದಾನೆಂಬುದಕ್ಕೆ ಪ್ರಮಾಣವೇನು?

ನ್ಯಾಯದರ್ಶನದ ನಾಲ್ಕು ಪ್ರಮಾಣಗಳಲ್ಲಿ ಮೊದಲನೆಯದು ಪ್ರತ್ಯಕ್ಷ, ಎಂದರೆ ಕಣ್ಣಾರೆ ಕಾಣುವುದು. ಈ ಪ್ರಮಾಣವನ್ನು ಕಟ್ಟಿದವರೇ ಕೆಡಿಸಿದ್ದಾರೆ. 1820ರ ದಶಕದಲ್ಲೇ ಉದ್ಯಾನಶಿಲ್ಪಿ ಜಾನ್ ಲೌಡನ್ ಲಂಡನ್ನಿನ ಪೋರ್ಚೆಸ್ಟರ್ ಟೆರೇಸಿನಲ್ಲಿ ಇಂಥ ಜೋಡಿಮನೆಯನ್ನು ಬೀದಿಗೆ ಒಂದೇ ಭವನವೆಂದು ತೋರುವಂತೆ ಕಟ್ಟಿದನು. ಅವನ ನಂತರದವರು ಎರಡು ಬಾಗಿಲುಗಳನ್ನು ಹಲವೆಡೆ ಎರಡು ತುದಿಗಳಿಗೆ ಅಟ್ಟಿ, ಹಾಲು ತೆಗೆದುಕೊಳ್ಳಲು ಬಂದವರ ಕಣ್ಣುಗಳೂ ಕೂಡದಂತೆ ಮಾಡಿದರು. ಆದರೂ ಒಬ್ಬನು ತನ್ನ ಪಾಲಿಗೆ ಮಾತ್ರ ಹಸಿರು ಬಣ್ಣ ಹೊಡೆಸಿದಾಗ, ಸೂರಿನ ಅಂಚುಹಲಗೆಯ ನಟ್ಟನಡುವೆ ನೂಲು ಹಿಡಿದಂತೆ ಬಣ್ಣ ನಿಂತುಹೋಗುವುದರಿಂದ, ಭವನ ಎರಡಾಗಿರುವುದು ದಾರಿಹೋಕರಿಗೂ ಗೊತ್ತಾಗುತ್ತದೆ.

ಎರಡನೆಯದಾದ ಅನುಮಾನಕ್ಕೆ ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯಿದೆ ಎಂದು ಊಹಿಸುವುದೇ ಹಳೆಯ ದೃಷ್ಟಾಂತ. ಇಲ್ಲಿ ಎರಡು ಮನೆಗಳ ಒಲೆಗೂಡುಗಳು ನಡುಗೋಡೆಗೆ ಬೆನ್ನುಕೊಟ್ಟು ಒಂದೇ ಹೊಗೆಗೋಪುರವನ್ನು ಹಂಚಿಕೊಳ್ಳುವುದರಿಂದ, ಹೊಗೆ ಯಾರದೆಂಬ ಸಂಶಯ ಏಳುತ್ತದೆ. ಗೋಪುರದ ತಲೆಯ ಮೇಲಿರುವ ಮಣ್ಣಿನ ಕೊಳವೆಗಳನ್ನು ಎಣಿಸಿ, ತಮ್ಮ ಒಲೆಗೂಡುಗಳ ಸಂಖ್ಯೆಯನ್ನು ಕಳೆದರೆ ಉಳಿಯುವುದೇ ನೆರೆಯವನು.

ಮೂರನೆಯದು ಉಪಮಾನ, ಗೋವಿನಂತೆ ಕಾಡಿನ ಗವಯ ಎಂಬ ಹೋಲಿಕೆಯ ಜ್ಞಾನ. ಜೋಡಿಮನೆಯ ನಕ್ಷೆ ಕನ್ನಡಿಯ ಬಿಂಬವಾದ್ದರಿಂದ, ತನ್ನ ಮಂಚ ಎಲ್ಲಿದೆಯೆಂದು ಬಲ್ಲವನು ನೆರೆಯವನ ಮಂಚ ಎಲ್ಲಿದೆಯೆಂದೂ ಬಲ್ಲನು, ಆದರೆ ಬಲ್ಲೆನೆಂದು ಹೇಳಲಾರನು. ಇದೇ ಪ್ರಮಾಣ ಮನೆಯ ಮುಖಕ್ಕೂ ಅನ್ವಯಿಸುತ್ತದೆ: ಗೋಡೆಯಿಂದ ಮುಂಚಾಚಿದ ಮೂರುಮುಖದ ಕಿಟಕಿಯ ಕಂಬಗಳಿಗೆ ಎಲೆಬಳ್ಳಿ ಕೆತ್ತಿದ ಬೋದಿಗೆ ಇಟ್ಟು ವೆನಿಸ್ ನಗರದ ಅರಮನೆಯನ್ನು ಹೋಲುವಂತೆ ಮಾಡಿ, ಬೀದಿಗೆ ಕಾಣುವ ಕಡೆ ಮಾತ್ರ ನುಣುಪಾದ ಕೆಂಪಿಟ್ಟಿಗೆ ಹಾಕಿ, ಪಕ್ಕದ ಗೋಡೆಯನ್ನು ಅಗ್ಗದ ಇಟ್ಟಿಗೆಯಲ್ಲಿ ಮುಗಿಸಿದ್ದನ್ನು ಮೇಲೆ ಥಳುಕು ಒಳಗೆ ಹುಳುಕು ಎನ್ನುವುದು ಅಶಾಸ್ತ್ರೀಯ; ಹುಳುಕು ಇರುವುದು ಒಳಗಲ್ಲ, ಪಕ್ಕದಲ್ಲಿ. ವೆನಿಸಿನ ಕಲ್ಲುಗಳನ್ನು ಕುರಿತು 1851–53ರಲ್ಲಿ ಬರೆದು ಈ ಚಟವನ್ನು ಹತ್ತಿಸಿದ ಜಾನ್ ರಸ್ಕಿನ್, ತನ್ನ ಪ್ರಭಾವದಿಂದಲೇ ಹುಟ್ಟಿದ ಅಗ್ಗದ ಮನೆಗಳು ತನ್ನನ್ನೇ ಸುತ್ತುವರಿದವೆಂದು 1872ರಲ್ಲಿ ಪತ್ರಿಕೆಯೊಂದಕ್ಕೆ ಬರೆದು ಗೋಳಾಡಿದನು. ಭಸ್ಮಾಸುರನಿಗೆ ವರ ಕೊಟ್ಟವರ ಪಾಡು ಎಲ್ಲ ದೇಶಗಳಲ್ಲೂ ಒಂದೇ.

ನಾಲ್ಕನೆಯದು ಶಬ್ದಪ್ರಮಾಣ. ಪೂರ್ವಾಚಾರ್ಯರು ಇದನ್ನು ಆಪ್ತವಾಕ್ಯವೆಂದು, ಅಂದರೆ ನಂಬತಕ್ಕವರ ಮಾತೆಂದು, ಅರ್ಥೈಸಿದ್ದಾರೆ; ಪ್ರಸ್ತುತ ಸಂದರ್ಭದಲ್ಲಿ ಅದು ಪಿಯಾನೊ. ಪಾರ್ಲರ್, ಅಂದರೆ ಅತಿಥಿಗಳಿಗೆಂದು ಸಿಂಗರಿಸಿ ಮನೆಯವರು ಸುಲಭವಾಗಿ ಕಾಲಿಡದ ಮುಂಗೋಣೆಯಲ್ಲಿ, ಆ ವಾದ್ಯ ನಡುಗೋಡೆಗೇ ಒರಗಿರುತ್ತದೆ. 1875ರ ಸಾರ್ವಜನಿಕ ಆರೋಗ್ಯ ಕಾಯಿದೆಯ ಬಲದಿಂದ ಸ್ಥಳೀಯ ಆಡಳಿತಗಳು ಮಾಡಿದ ಉಪವಿಧಿಗಳು ಗೋಡೆ ಬೀಳಬಾರದು, ಬೆಂಕಿ ಹಬ್ಬಬಾರದು ಎಂದವು. ಸಂಗೀತ ಹಬ್ಬಬಾರದು ಎನ್ನಲಿಲ್ಲ. ಆದ್ದರಿಂದ ಅದೇ ಪಾಠ, ಅದೇ ಜಾಗದಲ್ಲಿ ಅದೇ ತಪ್ಪು ಸ್ವರದೊಡನೆ, ಪ್ರತಿ ಸಂಜೆ ಆಚೆಯವರ ಅಸ್ತಿತ್ವವನ್ನು ಸ್ಥಾಪಿಸುತ್ತದೆ.

ನೈಯಾಯಿಕರಿಗೆ ಈ ನಾಲ್ಕು ಸಾಕು. ಭಾಟ್ಟ ಮೀಮಾಂಸಕರಾದರೋ ಅನುಪಲಬ್ಧಿಯನ್ನೂ, ಅಂದರೆ ಇರಬೇಕಾದದ್ದು ತೋರದಿರುವುದರಿಂದಲೇ ಹುಟ್ಟುವ ಅರಿವನ್ನೂ, ಪ್ರಮಾಣವೆಂದು ಒಪ್ಪುತ್ತಾರೆ. ಪಿಯಾನೊ ಒಂದು ಸಂಜೆ ಕೇಳದಿದ್ದರೆ ಈಚೆಯ ಮನೆಯಲ್ಲಿ ನೆಮ್ಮದಿ ನೆಲೆಸುತ್ತದೆ. ಎರಡನೆಯ ಸಂಜೆಯೂ ಕೇಳದಿದ್ದರೆ ಯಜಮಾನನು ಪತ್ರಿಕೆ ಮಡಚಿಟ್ಟು ಗೋಡೆಯತ್ತ ಕಿವಿಗೊಡುತ್ತಾನೆ. ಮೂರನೆಯ ಸಂಜೆ, ಆಚೆಯ ಬಾಗಿಲು ಬಡಿಯಬೇಕೆಂದು ಹೊರಟವನು, ಹನ್ನೊಂದು ವರ್ಷಗಳಿಂದ ತಮಗೆ ಯಾರೂ ಪರಿಚಯ ಮಾಡಿಸಿಕೊಟ್ಟಿಲ್ಲವೆಂಬುದನ್ನು ನೆನೆದು, ತನ್ನ ತುದಿಯ ಬಾಗಿಲಲ್ಲೇ ಟೋಪಿ ಹಿಡಿದು ನಿಲ್ಲುತ್ತಾನೆ.