ಹೆಜ್ಜಾರ್ಲೆಯ ಕೊಕ್ಕು ಮತ್ತು ದಾರಿಹೋಕಮತ: ಹೆಬ್ಬಾಳದ ಹವ್ಯಾಸಿ ಚಿತ್ರಕಾರರಿಗಾಗಿ ಒಂದು ಶಾಸ್ತ್ರವಿಚಾರ

ಚಿತ್ರ ಬರೆಯಲು ಕಲಿಯುವ ಹವ್ಯಾಸಿಗೆ ಗುರು ಯಾರು? ಲೋಕದಲ್ಲಿ ಈ ಬಗ್ಗೆ ಮೂರು ಮತಗಳಿವೆ. ಪ್ರಕೃತಿ ಎನ್ನುವವರು ಒಂದು ಪಂಗಡ, ಪುಸ್ತಕ ಎನ್ನುವವರು ಇನ್ನೊಂದು. ಯೂಟ್ಯೂಬ್ ಎನ್ನುವವರು ಸದ್ಯಕ್ಕೆ ಬಹುಮತದಲ್ಲಿದ್ದಾರೆ. ಈ ಮೂರನ್ನೂ ಖಂಡಿಸಿ, ದಾರಿಹೋಕಮತ ಎಂಬ ನಾಲ್ಕನೆಯದನ್ನು ಸ್ಥಾಪಿಸುವುದು ಪ್ರಸ್ತುತ ಪ್ರಬಂಧದ ಸಂಕಲ್ಪ. ಕ್ಷೇತ್ರ, ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆಂದು ಹೇಳಲಾಗುವ ಹೆಬ್ಬಾಳ ಕೆರೆಯ ದಂಡೆ. ಕಾಲ, ಬೆಳಗಿನ ವಾಕಿಂಗಿನ ಹೊತ್ತು. ಪ್ರತಿಜ್ಞೆ ಇಷ್ಟೇ: ಬೆಂಚಿನ ಮೇಲೆ ಸ್ಕೆಚ್‌ಬುಕ್ ಬಿಚ್ಚಿ ಕೂತವನ ಹೆಗಲ ಮೇಲಿಂದ ಇಣುಕಿ, "ಏನ್ ಸಾರ್ ಇದು, ಬಾತುಕೋಳಿನಾ?" ಎಂದು ಕೇಳುವ ಅಪರಿಚಿತನೇ ಪರಮಗುರು. ಮಿಕ್ಕವರೆಲ್ಲ ಅವನ ಸಹಾಯಕ ಅಧ್ಯಾಪಕರು.

ಮೊದಲು ಪ್ರತ್ಯಕ್ಷ ಪ್ರಮಾಣವನ್ನು ನೋಡೋಣ. ಪ್ರಶ್ನೆ ಕೇಳಿಸಿಕೊಂಡ ಆ ಚಿತ್ರ ನಿಜವಾಗಿ ಹೆಜ್ಜಾರ್ಲೆಯದು. ಈ ಹಕ್ಕಿಯ ಒಟ್ಟು ಉದ್ದ ಒಂದೂಕಾಲರಿಂದ ಒಂದೂವರೆ ಮೀಟರು. ಅದರಲ್ಲಿ ಕೊಕ್ಕೇ ಸುಮಾರು ಒಂದಡಿ. ಮೇಲ್ಗೊಕ್ಕಿನ ಅಂಚಿಗೆ ಚುಕ್ಕೆಗಳ ಸಾಲು, ಕೆಳಗೆ ಜೋತುಬಿದ್ದ ಚೀಲ, ಆ ಭಾರಕ್ಕೆ ಹಿಂದಕ್ಕೆ ಮಡಿಸಿಕೊಂಡ ಕುತ್ತಿಗೆ. ಹವ್ಯಾಸಿ ಇಷ್ಟನ್ನೂ ಕಣ್ಣಾರೆ ಕಂಡೇ ಕಂಡಿರುತ್ತಾನೆ. ಆದರೂ ಕಾಗದಕ್ಕೆ ಇಳಿಯುವಾಗ ಕೊಕ್ಕು ಅರ್ಧಕ್ಕರ್ಧ ಕುಗ್ಗುತ್ತದೆ. ಒಂದು ಹಕ್ಕಿಗೆ ಅಷ್ಟು ಉದ್ದದ ಕೊಕ್ಕು ಇರುವುದು ಮರ್ಯಾದೆಯಲ್ಲ ಎಂದು ಅವನ ಕೈ ತಾನಾಗಿಯೇ ತೀರ್ಮಾನಿಸಿಬಿಡುತ್ತದೆ. ಈ ತೀರ್ಮಾನದ ಮೂಲ ಎರಡನೇ ಕ್ಲಾಸಿನ ಡ್ರಾಯಿಂಗ್ ಪುಸ್ತಕದಲ್ಲಿದೆ. ಎರಡು ಗುಡ್ಡ, ನಡುವೆ ಹಲ್ಲುಹಲ್ಲಾದ ಸೂರ್ಯ, ಒಂದು ಹೊಳೆ, ಒಂದು ತೆಂಗಿನ ಮರ, ಆಕಾಶದಲ್ಲಿ ಅಡ್ಡ ಮಲಗಿದ ಮೂರರ ಆಕಾರದ ನಾಲ್ಕು ಹಕ್ಕಿ: ಹೊಳೆಯನ್ನೇ ನೋಡದ ಹೆಬ್ಬಾಳದ ಮಕ್ಕಳೂ ಈ 'ಸೀನರಿ'ಯನ್ನು ಕಣ್ಣುಮುಚ್ಚಿ ಬರೆಯಬಲ್ಲರು. ಹಾಗೆ ಕಣ್ಣುಮುಚ್ಚಿ ಕಲಿತ ಹಕ್ಕಿ ಮುಂದೆ ಕಣ್ಣುಬಿಟ್ಟು ಬರೆಯುವಾಗಲೂ ಬೆನ್ನು ಬಿಡುವುದಿಲ್ಲ. ಬರೆಯುವವನು ಎದುರಿನ ಹೆಜ್ಜಾರ್ಲೆಯನ್ನಲ್ಲ, ತಲೆಯೊಳಗೆ ಕೂತ 'ಹಕ್ಕಿ'ಯನ್ನು ನಕಲು ಮಾಡುತ್ತಿರುತ್ತಾನೆ. ಇದು ಅವನಿಗೆ ತಾನಾಗಿ ತಿಳಿಯುವುದು ಸಾಧ್ಯವಿಲ್ಲ, ಏಕೆಂದರೆ ಪರೀಕ್ಷಿಸುವುದೂ ಅದೇ ತಲೆ.

ಇಲ್ಲಿ ದಾರಿಹೋಕನ ಪ್ರವೇಶವಾಗುತ್ತದೆ. ಅವನ ಪ್ರಶ್ನೆಯ ಶಾಸ್ತ್ರೀಯ ಗುಣವನ್ನು ಗಮನಿಸಬೇಕು. ಚಿತ್ರ ಕೆಟ್ಟದಾಗಿದೆ ಎಂದು ಅವನು ಹೇಳಲೇ ಇಲ್ಲ. ಬೇರೊಂದು ಹಕ್ಕಿಯ ಹೆಸರು ಹೇಳಿದ, ಅಷ್ಟೇ. ಬಾತುಕೋಳಿಗೂ ಹೆಜ್ಜಾರ್ಲೆಗೂ ಇರುವ ವ್ಯತ್ಯಾಸವೇನೋ ಅದೇ ಈ ಚಿತ್ರದ ದೋಷ. ಕೊಕ್ಕರೆ ಎಂದಿದ್ದರೆ ಕಾಲು ಉದ್ದವಾಯಿತೆಂದೂ, ನೀರುಕಾಗೆ ಎಂದಿದ್ದರೆ ಪೆನ್ಸಿಲ್ ಅತಿಯಾಗಿ ಉಜ್ಜಿತೆಂದೂ, ಟೀ ಕೆಟಲ್ ಎಂದಿದ್ದರೆ ಹಾಳೆಯನ್ನೇ ತಿರುಗಿಸಬೇಕೆಂದೂ ತಿಳಿಯಬಹುದು. ಇದರೆದುರು ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಬರುವ 'ಸೂಪರ್', 'ಅದ್ಭುತ' ಮತ್ತು ಹೆಬ್ಬೆರಳನ್ನು ಇಟ್ಟು ನೋಡಿ. ಚಿಕ್ಕಮ್ಮ ಒತ್ತಿದ ಹೆಬ್ಬೆರಳು ಹೆಜ್ಜಾರ್ಲೆಗೂ ಅದೇ, ಸೊಸೆಯ ಸೀಮಂತಕ್ಕೂ ಅದೇ. ಅದರಿಂದ ಕೊಕ್ಕು ಒಂದು ಗೆರೆಯಷ್ಟೂ ಬೆಳೆಯುವುದಿಲ್ಲ.

ಅಭ್ಯಾಸವೇ ಸಾಕು, ದಿನಾ ಬರೆದರೆ ಕೈ ತಾನಾಗಿ ಪಳಗುತ್ತದೆ ಎನ್ನುವ ಕರ್ಮಠರೂ ಇದ್ದಾರೆ. ಅವರಿಗೆ ಉತ್ತರ: ತಪ್ಪು ಕೊಕ್ಕನ್ನು ನೂರು ಸಲ ಬರೆದವನು ತಪ್ಪು ಕೊಕ್ಕಿನಲ್ಲಿ ಪಾರಂಗತನಾಗುತ್ತಾನೆ. ತಪ್ಪು ಎಲ್ಲಿದೆ ಎಂದು ಗೊತ್ತಾದ ಮೇಲೆ ಮಾತ್ರ ಅಭ್ಯಾಸಕ್ಕೆ ಕೆಲಸ. ಆಗ ತೋಳು ನೀಟಾಗಿ ಚಾಚಿ, ಒಂದು ಕಣ್ಣು ಮುಚ್ಚಿ, ತಲೆಯ ಅಳತೆಯನ್ನು ಪೆನ್ಸಿಲಿನ ಮೇಲೆ ಹೆಬ್ಬೆರಳಿನಿಂದ ಗುರುತಿಟ್ಟು, ಆ ಅಳತೆ ಕೊಕ್ಕಿನಲ್ಲಿ ಎಷ್ಟು ಸಲ ಕೂರುತ್ತದೆ ಎಂದು ಎಣಿಸಬೇಕು. ಕೊಕ್ಕಿಗೂ ಎದೆಗೂ ನಡುವೆ ಉಳಿಯುವ ಖಾಲಿ ಜಾಗದ ಆಕಾರವನ್ನೇ ಮೊದಲು ಬರೆಯಬೇಕು. ಖಾಲಿ ಜಾಗ ಹೀಗೇ ಇರಬೇಕೆಂಬ ಪೂರ್ವಗ್ರಹ ಯಾರಿಗೂ ಇರುವುದಿಲ್ಲವಾದ್ದರಿಂದ ಅದು ಸರಿಯಾಗಿ ಬರುತ್ತದೆ, ಜೊತೆಗೆ ಕೊಕ್ಕೂ ಸರಿಹೋಗುತ್ತದೆ. ಇದಕ್ಕೆ 2ಎಚ್‌ನಿಂದ 8ಬಿವರೆಗಿನ ತಗಡಿನ ಡಬ್ಬಿ ಬೇಕಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ಹೇಳುವ ವರ್ತಿಕೆ ಕಾಡಿಗೆಗೆ ಅನ್ನ ಕಲಸಿ ಹೊಸೆದ ಕಡ್ಡಿ. ಚಕ್ರವರ್ತಿಗೆ ಕಾಡಿಗೆ ಅನ್ನ ಸಾಕಾಗಿದ್ದಾಗ ನಮಗೆ ಒಂದು ಅಪ್ಸರಾ ಪೆನ್ಸಿಲು ಧಾರಾಳವಾಯಿತು. ಮಾಡೆಲ್‌ಗಳ ಕೊರತೆಯೂ ಇಲ್ಲ. ಸಂಜೆ ಆರೂವರೆಗೆ ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಬಸ್ಸು, ಏರ್‌ಪೋರ್ಟ್ ಟ್ಯಾಕ್ಸಿ, ಹೆಲ್ಮೆಟ್ ತೆಗೆದು ತಲೆ ಒರೆಸಿಕೊಳ್ಳುವ ಸವಾರ, ಎಲ್ಲರೂ ಕಲಾಶಾಲೆಯ ಮಾಡೆಲ್‌ಗಳೂ ನಾಚುವಷ್ಟು ಅಲುಗಾಡದೆ ನಿಂತಿರುತ್ತಾರೆ. ಸಮಾನಾಂತರ ಗೆರೆಗಳು ದೂರದಲ್ಲಿ ಒಂದು ಬಿಂದುವಿನಲ್ಲಿ ಕೂಡಿದಂತೆ ಕಾಣುವ ನಿಯಮವನ್ನು ಫ್ಲಾರೆನ್ಸಿನ ಆಲ್ಬರ್ಟಿ 1435ರಲ್ಲಿ ಬರೆದಿಟ್ಟ. ಒಂದೊಂದು ಲೂಪು ಒಂದೊಂದು ಇಳಿಜಾರಿನಲ್ಲಿ ತಿರುಗುವ ನಮ್ಮ ಸೇತುವೆಯನ್ನು ನೋಡಿದ್ದರೆ ಅವನು ಇನ್ನೆರಡು ಅಧ್ಯಾಯ ಸೇರಿಸುತ್ತಿದ್ದನೇನೋ.

ಈಗ ಪೂರ್ವಪಕ್ಷ. ದಾರಿಹೋಕನಿಗೆ ಕಲೆಯ ಗಂಧವಿಲ್ಲ, ಅವನ ಮಾತು ಹೇಗೆ ಪ್ರಮಾಣವಾದೀತು ಎಂದು ಪಂಡಿತರು ಹುಬ್ಬೇರಿಸುತ್ತಾರೆ. ವಿಷ್ಣುಧರ್ಮೋತ್ತರದ ಚಿತ್ರಸೂತ್ರದಲ್ಲಿ ಇದಕ್ಕೆ ಆಧಾರವನ್ನೂ ತೋರಿಸುತ್ತಾರೆ: ಆಚಾರ್ಯರು ಮೆಚ್ಚುವುದು ರೇಖೆಯನ್ನು, ಬಲ್ಲವರು ಛಾಯೆಯನ್ನು, ಹೆಂಗಸರು ಆಭರಣವನ್ನು, ಮಿಕ್ಕವರು ಬಣ್ಣದ ಸಮೃದ್ಧಿಯನ್ನು. (ಈ ಹಂಚಿಕೆ ಮಾಡಿದ್ದು ಗಂಡಸು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.) ಆದರೆ ಅದೇ ಗ್ರಂಥದಲ್ಲಿ ಚಿತ್ರ ಕಲಿಯಬೇಕೆಂದ ವಜ್ರರಾಜನಿಗೆ ಮಾರ್ಕಂಡೇಯರು, ನೃತ್ಯ ತಿಳಿಯದೆ ಚಿತ್ರ ತಿಳಿಯದು, ವಾದ್ಯವಿಲ್ಲದೆ ನೃತ್ಯವಿಲ್ಲ, ಗೀತವಿಲ್ಲದೆ ವಾದ್ಯವಿಲ್ಲ ಎಂದು ಹಿಂದೆ ಹಿಂದೆ ಕಳಿಸುತ್ತಾರೆ. ಬಲ್ಲವರ ಬಳಿ ಹೋದರೆ ಆಗುವುದು ಇದೇ. ದಾರಿಹೋಕ ಹಾಗೆ ಮಾಡುವುದಿಲ್ಲ. ಅವನು ನೋಡಿದ್ದು ಹಕ್ಕಿಯನ್ನು, ಕೇಳಿದ್ದೂ ಹಕ್ಕಿಯನ್ನೇ. ಲಿಯೊನಾರ್ಡೊ ಹೇಳಿದಂತೆ ಚಿತ್ರವನ್ನು ಕನ್ನಡಿಯಲ್ಲಿ ನೋಡಿ ತಪ್ಪು ಹುಡುಕಬಾರದೇಕೆ ಎಂದರೆ, ಖಂಡಿತ ಹುಡುಕಬಹುದು. ಕೊಕ್ಕು ವಾರೆಯಾಗಿದ್ದರೆ ಕನ್ನಡಿ ತೋರಿಸುತ್ತದೆ. ಗಿಡ್ಡ ಕೊಕ್ಕು ಕನ್ನಡಿಯಲ್ಲೂ ಗಿಡ್ಡವೇ, ಅದನ್ನು ನೋಡುವ ತಲೆಯೂ ಹಳೆಯದೇ.

ಎರಡನೆಯ ಆಕ್ಷೇಪ ಗಂಭೀರವಾದದ್ದು: ಇಂಥ ಮಾತು ಎಳೆಯ ಉತ್ಸಾಹವನ್ನು ಚಿವುಟುತ್ತದೆ, ಮೆಚ್ಚುಗೆಯೇ ಗೊಬ್ಬರ. ಸಾಕ್ಷಿಗೆ ಮೈಸೂರಿನ ಆರ್.ಕೆ. ಲಕ್ಷ್ಮಣರನ್ನು ಕರೆತರುತ್ತಾರೆ. ಪ್ರೈಮರಿ ಶಾಲೆಯಲ್ಲಿ ಅವರು ಬರೆದ ಅರಳಿ ಎಲೆಯನ್ನು ಮೇಷ್ಟ್ರು ಮೆಚ್ಚಿದ ಮೇಲೆಯೇ ತಾನು ಚಿತ್ರಕಾರನೆಂಬ ಭಾವನೆ ಅವರಲ್ಲಿ ಬೇರೂರಿದ್ದು. ಮುಂದೆ ಮುಂಬಯಿಯ ಜೆ.ಜೆ. ಕಲಾಶಾಲೆ ಸಾಕಷ್ಟು ಪ್ರತಿಭೆಯಿಲ್ಲವೆಂದು ಸೀಟು ನಿರಾಕರಿಸಿತು. ಈ ಸಾಕ್ಷಿ ನಮ್ಮ ಕಡೆಯದೇ. ಮೇಷ್ಟ್ರು ಮೆಚ್ಚಿದ್ದು ಒಂದು ಎಲೆಯನ್ನು, ಅದೂ ಅರಳಿ ಎಲೆಯೆಂದು ಗುರುತು ಸಿಕ್ಕ ಎಲೆಯನ್ನು. ಕಲಾಶಾಲೆ ತೂಗಿದ್ದು ಹುಡುಗನನ್ನು. ಪ್ರತಿಭೆ ಸಾಲದು ಎಂಬ ಮಾತಿನಿಂದ ಯಾವ ಗೆರೆಯನ್ನು ತಿದ್ದಬೇಕು? ದಾರಿಹೋಕ ಎಂದೂ "ನಿಮಗೆ ಪ್ರತಿಭೆ ಇಲ್ಲ" ಎನ್ನುವುದಿಲ್ಲ. "ಬಾತುಕೋಳಿನಾ?" ಎಂದು ಕೇಳಿ ಎರಡನೇ ಸುತ್ತಿಗೆ ಹೊರಡುತ್ತಾನೆ.

ಇದು ಬೇಕೆಂದೇ ಹಾಗೆ ಬರೆದದ್ದು, ಅಬ್‌ಸ್ಟ್ರ್ಯಾಕ್ಟ್ ಎನ್ನುವವರ ಆಕ್ಷೇಪವನ್ನೂ ಒಪ್ಪಬಹುದು, ಒಂದು ಷರತ್ತಿನ ಮೇಲೆ: ಆ ಮಾತು ಪ್ರಶ್ನೆಗಿಂತ ಮೊದಲೇ ಬಂದಿರಬೇಕು. ಪ್ರಶ್ನೆಯ ನಂತರ ಹುಟ್ಟಿದ ಅಬ್‌ಸ್ಟ್ರ್ಯಾಕ್ಟ್ ನಿರೀಕ್ಷಣಾ ಜಾಮೀನಿಗೆ ಅರ್ಹವಲ್ಲ. ಯಾರೂ ಗುರುತು ಹಿಡಿಯಲಾರದಷ್ಟು ಕಾಲ ಕಳೆದರೆ ಮಾತ್ರ ಚಿತ್ರಕಾರ ಕ್ಷೇಮ. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ, ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ವೀರಗಲ್ಲಿನ ಕಿತ್ತಯ್ಯನನ್ನು ನೋಡಿ, "ನಮ್ಮ ಕಿತ್ತಯ್ಯನ ಮೂಗು ಹೀಗಿರಲಿಲ್ಲ" ಎನ್ನುವವರು ಈಗ ಊರಿನಲ್ಲಿ ಯಾರೂ ಉಳಿದಿಲ್ಲ.

ಈ ಮತಕ್ಕೂ ಒಂದು ಮಿತಿಯುಂಟು, ಅದನ್ನು ಪ್ಲಿನಿ ದಾಖಲಿಸಿದ್ದಾನೆ. ಗ್ರೀಕ್ ಚಿತ್ರಕಾರ ಅಪೆಲ್ಲಿಸ್ ತನ್ನ ಚಿತ್ರವನ್ನು ಬೀದಿಗಿಟ್ಟು ಹಿಂದೆ ಅಡಗಿ ಕೂತು ಜನರ ಮಾತು ಕೇಳುತ್ತಿದ್ದ. ಚಪ್ಪಲಿ ಹೊಲಿಯುವವನೊಬ್ಬ ಚಪ್ಪಲಿಯ ತಪ್ಪು ಹೇಳಿದ, ಅಪೆಲ್ಲಿಸ್ ತಿದ್ದಿದ. ಹುರುಪುಗೊಂಡ ಅವನು ಮರುದಿನ ಕಾಲಿನ ತಪ್ಪಿಗೆ ಕೈಹಾಕಿದಾಗ, ಚಪ್ಪಲಿಗಿಂತ ಮೇಲೆ ಹೋಗಬೇಡ ಎಂದು ಅಪೆಲ್ಲಿಸ್ ಗದರಿಸಿದ. ಅಲೆಕ್ಸಾಂಡರನ ಆಸ್ಥಾನದ ಚಿತ್ರಕಾರ ಹಾಗೆ ಗದರಿಸಬಹುದು. ಹೆಬ್ಬಾಳದ ಹವ್ಯಾಸಿಗೆ ಆ ಸೌಲಭ್ಯವಿಲ್ಲ. ಕೊಕ್ಕು ತಿದ್ದಿಸಿದ ಹಿರಿಯರು ಮರುದಿನ ಬಂದು, ಇದಕ್ಕೆಷ್ಟು ಸಿಗುತ್ತೆ, ಚಿತ್ರಸಂತೆಯಲ್ಲಿ ಇಡಬಾರದಾ, ಯಲಹಂಕದ ಕಡೆ ಸೈಟು ಏನು ರೇಟು ಎಂದು ಒಂದೊಂದಾಗಿ ಮೇಲೇರುತ್ತಾರೆ. ತಡೆಯುವ ಅಗತ್ಯವಿಲ್ಲ. ಮಾತಾಡುವವರು ಅಲುಗುವುದಿಲ್ಲವಾದ್ದರಿಂದ ಹೊಸ ಹಾಳೆ ತಿರುವುವುದು ಶಾಸ್ತ್ರಸಮ್ಮತ. ಸೈಟಿನಿಂದ ಹೊರಟ ಮಾತು ಮಗನ ಅಮೆರಿಕದ ಕೆಲಸ ಮುಟ್ಟುವಷ್ಟರಲ್ಲಿ ಮಂಕಿಕ್ಯಾಪು, ಕನ್ನಡಕ, ಕಿವಿ ಮೂರೂ ಮುಗಿದಿರುತ್ತವೆ. ಮೂಗನ್ನು ಮಾತ್ರ ಅವರಿಗೇ ತೋರಿಸಿ ತಿದ್ದಿಸಿಕೊಳ್ಳಬೇಕಾಗುತ್ತದೆ.